ಎರಡು ಅಳತಿ

ಗಣಪ್ಪ ಮುಳುಗಿ ಎಂಟು ದಿನ.
ಲಾಲಬಾಗಿನ ಗಟಾರದ ಬಾಯಿಗೆ ಗುಲಾಲು ಇನ್ನೂ ಹತ್ಕೊಂಡದ.
ಉತ್ತರಿ ಮಳಿ, ಹೋಗ್ತೀನಿ ಹೋಗ್ತೀನಿ ಅಂತ
ಹೊಸ್ತಿಲದಾಗ ನಿಂತ ಬೀಗತಿಯಂಗ, ಮಾತು ಮುಗಸವಲ್ದು.
ಅಷ್ಟರಾಗ ಸಮುದ್ರದಂಡಿ ಥಿಯೇಟರಿನಿಂದ ಬಗಾಡೆ ಮಾಸ್ತರಗ ಫೋನು:
ಸೀಜನ್ ಸುರು.
ಕೋರಸಿನವರಿಗೆ ಇಪ್ಪತ್ತೆರಡು ಗೌನು, ಒಂಬತ್ತು ಕೋಟು,
ಕಡೇ ಅಂಕದಾಗ ಸಾಯೋ ಹೆಣಮಗಳಿಗೆ ಒಂದು ಬಿಳೇ ಅಂಗಿ.

ಪಿತೃಪಕ್ಷದಾಗ ಹೊಸಾ ಅರಿವಿಗೆ ಕತ್ರಿ ಇಡಬಾರದು, ಅಂದ್ರು ಮಾಸ್ತರು.
ಸಾಯವಳ ಅಂಗಿಗೆ ಯಾವ ಪಕ್ಷ ಆದರೇನ್ರಿ, ಅಂದೆ.
ಮಾಸ್ತರು ವಿಠೋಬನ ಫೋಟೋದ ಕಡೆ ನೋಡಿದ್ರು,
ಆಮ್ಯಾಲೆ ಅಡ್ವಾನ್ಸಿನ ಕಡೆ.

ಆಕಿ ಬಾಂದ್ರಾದ ಹುಡುಗಿ, ಓಡೆಟ್ ಮಸ್ಕರೇನ್ಹಸ್.
ಕೈಯಾಗ ಹೆಲ್ಮೆಟ್ಟು, ಕೊಳ್ಳಾಗ ತಾಯತದಂಥ ಸಣ್ಣ ಶಿಲುಬಿ.
ಟೇಪು ಸುತ್ತಿ ಮೂವತ್ನಾಕು ಅಂತ ಬರಕೊಂಡೆ.
ತಡೀರಿ ಮಾವಶಿ, ಅಂದ್ಲು,
ಇದು ಬರೇ ನಿಂತಾಗಿನ ಅಳತಿ. ಹಾಡೋವಾಗಿನದು ಬ್ಯಾರೆ.
ಕಣ್ಣು ಮುಚ್ಚಿ ಉಸುರು ಎಳಕೊಂಡ್ಲು.
ಎದಿ ಅಲುಗಲೇ ಇಲ್ಲ. ಪಕ್ಕಡಿಗೆ ಹೋತು ಗಾಳಿ,
ಬೆನ್ನಿಗೆ ಹೋತು, ಕಡೇ ಎಲುಬಿನ ಕೆಳಗೂ ಹೋತು,
ಭಾಂವ್ಯಾಗ ಕೊಡಾ ಬಿಟ್ಟಾಗಿನ ಹಗ್ಗದಂಗ
ಟೇಪು ನನ್ನ ಬಳ್ಳಾಗಿಂದ ಸರಕೋತ ಹೋತು.
ಮೂವತ್ತೆಂಟೂವರಿ.

ಮೂವತ್ತೊಂದು ವರ್ಷ ಹೊಲಿಗಿ ಹಾಕೀನಿ.
ಬಸರಿಗಂತ ಅರಿವಿ ಬಿಟ್ಟೀನಿ, ಬೆಳಿಯೋ ಹುಡುಗರಿಗಂತ ಬಿಟ್ಟೀನಿ,
ಬಾವು ಬಂದ ಮದಿಮಗನ ಕಾಲಿಗಂತ ಸುದ್ದಾ ಬಿಟ್ಟೀನಿ.
ಉಸುರಿಗಂತ ಬಿಟ್ಟದ್ದು ಇದೇ ಮೊದಲು.

ಬಿಳೇ ರೇಷ್ಮಿ ಗೇಣು ಕಮ್ಮಿ ಬಿತ್ತು.
ಟ್ರಂಕಿನ ತಳದಾಗ ಅವ್ವನ ಗುಳೇದಗುಡ್ಡದ ಖಣ ಇತ್ತು, ಕೆಂಪಂದು.
ಅವ್ವ ಕುಪ್ಪಸದ ಬಗಲಿಗೆ ಹಚ್ಚತಿದ್ದಳಲ್ಲ, ಚೌಕ ತುಂಡು,
ಬೀಸೋವಾಗ ಕೈ ಆಡಲಿ ಅಂತ, ಹಂಗ
ಎರಡೂ ಬಗಲಿಗೆ ಮಡಚಿ ಒಳಗ ಕೂಡಿಸಿದೆ.
ನಿಂತಾಗ ಕಾಣಂಗಿಲ್ಲ.
ಡಿಸೈನರಗ ಹೇಳಲಿಲ್ಲ. ಮಾಸ್ತರಗೂ.

ಮೊದಲನೇ ದಿನ ವಿಂಗಿನಾಗ ನಿಂತೆ,
ಮಣಿಕಟ್ಟಿಗೆ ಗುಂಡುಸೂಜಿ ಗಾದಿ ಕಟಗೊಂಡು.
ಕೆಳಗ ತಗ್ಗಿನಾಗ ಪಿಟೀಲಿನವರೆಲ್ಲಾ ಒಂದೇ ಸ್ವರಕ್ಕ ಕೂಡಿದ್ರು.
ಕರೆಂಟು ಹೋಗಿ ಬಂದಾಗ ನಮ್ಮ ಏಳೂ ಮಷೀನು
ಒಮ್ಮೆಲೇ ಗುಂಯ್ ಅಂತಾವಲ್ಲ, ಹಂಗ.
ಹಾಡು ಇಟಲಿಯದಂತ. ಮ್ಯಾಲೆ ಇಂಗ್ಲಿಷಿನಾಗ ಬರದು ತೋರಸತಿದ್ರು.
ನನಗ ಎರಡೂ ಸಮುದ್ರದ ಆಚಿ ದಂಡಿ.
ಕೆಮ್ಮು ಮಾತ್ರ ತಿಳೀತು.

ನಮ್ಮಪ್ಪ ಗಿರಣಿಯ ಕಾರ್ಡಿಂಗ್ ಖಾತೆದಾಗ ಇಪ್ಪತ್ತಾರು ವರ್ಷ
ಅರಳಿ ನುಂಗಿದಾಂವ.
ಅವನ ಕಡೇ ದೀಪಾವಳಿಗೆ ಅಂಗಿ ಹೊಲೀಬೇಕಂತ ಟೇಪು ಹಿಡದಿದ್ದೆ.
ಬಿಗಿ ಹಿಡೀಬ್ಯಾಡ, ಉಸುರು ಎಳಕೋ ಅಪ್ಪಾ, ಅಂದೆ.
ಎಳಕೊಂಡೀನಲ್ಲ, ಅಂದ.
ಟೇಪು ಒಂದು ನೂಲು ಸರದಿರಲಿಲ್ಲ.

ಓಡೆಟ್ ಕೆಮ್ಮಿದ್ಲು, ಮಂಚ ಹಿಡಕೊಂಡು ಎದ್ಲು,
ಸಾಯಲಿಕ್ಕಂತ ನಾಕೂವರಿ ಇಂಚು ಗಾಳಿ ತುಂಬಿಕೊಂಡ್ಲು.
ಬಗಲು ಬಿಚ್ಚಿತು. ಕೆಂಪು ಖಣ ಒಂದೇ ಚಣ,
ಗುಬ್ಬಿ ಮರಿ ಬಾಯಿ ತಗದಂಗ.
ಆಮ್ಯಾಲೆ ಬಂದ ದನಿ ಹೆಂಗಿತ್ತು, ಕೇಳಬ್ಯಾಡ್ರಿ.
ಹೊಲಿಗಿ ತಡಕೊಂಡದ್ದಷ್ಟೇ ನೆನಪದ ನನಗ.

ಪರದೆ ಬಿದ್ದಮ್ಯಾಲೆ ಸತ್ತವಳು ಎದ್ದು ಬಂದು
ಮಾವಶಿ, ಹುಕ್ಕು ತಗೀರಿ ಲಗೂನ, ಹೊಟ್ಟಿ ಹಸದದ, ಅಂದ್ಲು.
ಬೆನ್ನು ತೊಯ್ದು ಮುದ್ದಿ ಆಗಿತ್ತು.
ಖಣದ ಬಣ್ಣ ಒಂದು ಗೆರಿ ಆಕಿ ಪಕ್ಕಡಿಗೆ ಹತ್ತಿತ್ತು.
ನೋಡಿ ನಕ್ಕಳು. ಯಾರಿಗೂ ಹೇಳಲಿಲ್ಲ ಅನಸ್ತದ.

ಕಡೇ ಲೋಕಲ್ ಹಿಡದು ಖೋಲಿಗೆ ಬಂದೆ.
ಕದಾ ಹಾಕಿ, ಪಂಖಾ ಬಂದ್ ಮಾಡಿ,
ನನ್ನ ಮೈಗೆ ನಾನೇ ಟೇಪು ಸುತ್ತಿದೆ.
ಎರಡು ಇಂಚು.
ಕಣ್ಣು ಮುಚ್ಚಿ ಇನ್ನೊಮ್ಮೆ, ಬೆನ್ನಿಗೆ, ಕೆಳಗ ಕೆಳಗ,
ಎರಡೂಕಾಲು.
ಬಾಜೂ ಖೋಲಿಯ ಇಂದಿರಾಬಾಯಿ ಗ್ವಾಡಿ ಬಡದು ಕೇಳಿದ್ಲು:
ಏನ್ ಬೇ, ಉಬ್ಬಸ ಎದ್ದದೇನು?