ಎಳೆಯ ತುದಿ

ಬೋರ್ಡು ಬರೆದವನು ತಪ್ಪು ಮಾಡಿದ.
ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ
ನಮ್ಮ ಲ್ಯಾಬಿನ ಬಾಗಿಲ ಮೇಲೆ
ಹಳದಿ ಅಕ್ಷರ: ‘ಭಾಷಾಂತರ ವೈದ್ಯ ವಿಭಾಗ’.
ಮೊದಲ ವಾರವೇ ಗುಡಿಬಂಡೆ ಕಡೆಯ ಮುದುಕರೊಬ್ಬರು
ತೆಲುಗಿನ ಹಳೇ ಕ್ರಯಪತ್ರ ಹಿಡಿದು ಬಂದು
ಕನ್ನಡಕ್ಕೆ ಮಾಡಿಕೊಡಿ ಅಂದರು.
ತನುಜಾ ನಕ್ಕಳು. ಆಮೇಲೆ ಕೂತು ಮಾಡಿಯೂ ಕೊಟ್ಟಳು.
ಬಾಗೇಪಲ್ಲಿಯವಳು, ಎರಡೂ ಬರುತ್ತಿತ್ತು.
ಬೋರ್ಡು ನಾನು ತಿದ್ದಿಸಲಿಲ್ಲ.

ಇವರಿಗೆ ಕಲಿಸುವುದು ಏನಿದೆ ಇನ್ನು?
ಹೆಸರಿನ ಹಿಂದೆ ಡಾಕ್ಟರು ಹತ್ತಿಯಾಗಿದೆ,
ಕೈಗೆ ಕೆಲಸ ಹತ್ತಿಲ್ಲ.
ಎರಡು ವರ್ಷದ ಫೆಲೋಶಿಪ್ಪು,
ಮಳೆಯಂತೆ ಬಂದಾಗ ಬರುವ ಸಂಬಳ.
ಕೆಜಿಎಫ್‌ನ ಜೋಯಲ್ ಅರುಳ್, ಭಾನುವಾರ ಚರ್ಚು ಮುಗಿಸಿ
ಅಷ್ಟು ದೂರ ಬೈಕಿನಲ್ಲಿ ಬರುತ್ತಾನೆ
ತಟ್ಟೆಯಲ್ಲಿನ ಕಣಗಳಿಗೆ ಊಟ ಹಾಕಲು.
‘ಹೆತ್ತವರಿಗೂ ಇಷ್ಟು ಕಾಟ ಇಲ್ಲ, ಮೇಡಂ.’

ಗೂಡು ಕತ್ತರಿಸು. ಹುಳ ತೆಗೆ.
ಸೋಡಾ ನೀರಲ್ಲಿ ಅರ್ಧ ಗಂಟೆ ಕುದಿಸು, ಅಂಟು ಬಿಡಲಿ.
ಉಳಿದ ನೂಲನ್ನು ಉಪ್ಪಿನಲ್ಲಿ ಕರಗಿಸು,
ಮೂರು ದಿನ ನೀರು ಬದಲಿಸಿ ಉಪ್ಪು ಕಳೆ,
ಹೆಪ್ಪುಗಟ್ಟಿಸಿ ಒಣಗಿಸು:
ಬನ್ನಿನ ತಿರುಳಿನಂಥ ಬಿಳೀ ತುಣುಕು.
ಅದರ ತೂತುಗಳಲ್ಲಿ ಚರ್ಮದ ಕಣ ಬಿತ್ತು.

ಇಲಿಯ ಬೆನ್ನಲ್ಲಿ ಹದಿನಾಲ್ಕನೇ ದಿನಕ್ಕೆ ಗಾಯವೇ ಇಲ್ಲ.
ಲ್ಯಾಬಿಗೆ ಲಡ್ಡು ಬಂತು.
ನಾನೂ ತಿಂದೆ, ತಿಂದು ಹೇಳಿದೆ:
ಇಲಿಯ ತೊಗಲು ಸಡಿಲ, ಎಲೆಅಡಿಕೆ ಚೀಲದ ದಾರ ಎಳೆದಂತೆ
ಗಾಯ ತನ್ನಷ್ಟಕ್ಕೆ ಬಾಯಿ ಮುಚ್ಚಿಕೊಳ್ಳುತ್ತದೆ.
ಮನುಷ್ಯರದು ಹಾಗಲ್ಲ. ತುಂಬಬೇಕು.
ಜೋಯಲ್ ಕೈಯಲ್ಲಿ ಅರ್ಧ ಲಡ್ಡು ಹಾಗೇ ಉಳಿಯಿತು.

ಮೂರು ವರ್ಷ, ಏಳು ಸಮಿತಿ, ಎಷ್ಟೋ ಸಹಿ.
ಅಷ್ಟರಲ್ಲಿ ಫೆಲೋಶಿಪ್ಪು ಒಮ್ಮೆ ಮುಗಿದು ಮತ್ತೆ ಹುಟ್ಟಿತ್ತು.

ಖುರ್ಷಿದಾ ಬಿ. ಇಪ್ಪತ್ತೆರಡು ವರ್ಷ
ನೂಲು ಬಿಚ್ಚಿದ ಬಲಗೈ,
ಕುದಿವ ಬಾಂಡಲಿ ಮಗುಚಿದ ಕೈ.
ಒಪ್ಪಿಗೆ ಪತ್ರವನ್ನು ಮೂರು ಸಲ ಓದಿಸಿಕೊಂಡಳು.
‘ಹುಳದ ಮನೇನ ನನ್ನ ಕೈಗೆ ಹಾಕ್ತೀರಾ?’
ಹೌದು.
‘ಹುಳ ಒಪ್ಪಿಗೆ ಕೊಡ್ತಾ?’
ತನುಜಾ ಪೆನ್ನು ಕೆಳಗಿಟ್ಟಳು.

ಆರನೇ ವಾರ. ನೂರಕ್ಕೆ ತೊಂಬತ್ತಾರು ಭಾಗ ಮುಚ್ಚಿದೆ.
ಬಣ್ಣ ಚೆನ್ನಾಗಿದೆ, ಕೀವಿಲ್ಲ, ಬೆರಳು ಮಡಚುತ್ತವೆ.
ಜೋಯಲ್ ಹಾಳೆಯ ಮೇಲೆ ಸರಸರ ಗುರುತು ಹಾಕಿದ.
‘ಎಲ್ಲಾ ಸರಿ ಐತೆ, ಆದ್ರೆ ಸಿಗ್ತಾ ಇಲ್ಲ’ ಅಂದಳು ಆಕೆ.
ಏನು?
‘ಎಳೆ.’

ಆ ಕಾಲಂ ನಮ್ಮ ಹಾಳೆಯಲ್ಲಿ ಇರಲಿಲ್ಲ.

ಪಿಪೆಟ್ಟು ಕೆಳಗಿಡಿ ಅಂದೆ. ಮೂರು ದಿನ
ಆಕೆಯ ಶೆಡ್ಡಿನಲ್ಲಿ ಇಬ್ಬರನ್ನೂ ಕೂರಿಸಿದೆ.
ಹಬೆ, ಸತ್ತ ಹುಳದ ನಾತ, ಒದ್ದೆ ನೆಲ,
ನೀರಲ್ಲಿ ತೇಲುವ ಗೂಡುಗಳು.
‘ಕಣ್ಣಿಗೆ ಎಲ್ಲಿ ಕಾಣುತ್ತೆ, ಬೆರಳೇ ನೋಡಬೇಕು’ ಅನ್ನುತ್ತ
ಆಕೆಯ ಸೊಸೆ ಕೈ ಅದ್ದಿ, ಎತ್ತಿ,
ಗಾಳಿಯಲ್ಲಿ ಏನನ್ನೋ ತೋರಿಸಿದಳು.
ನಮಗೆ ಏನೂ ಇರಲಿಲ್ಲ ಅಲ್ಲಿ.
ಎರಡನೇ ದಿನ ಮಧ್ಯಾಹ್ನ ತನುಜಾಗೆ ಒಂದು ಸಿಕ್ಕಿತು, ಸಿಕ್ಕಿದ್ದೇ ಹರಿಯಿತು.
ಜೋಯಲ್‌ಗೆ ಬರೀ ಬೊಬ್ಬೆ.

ಈಗ ಸೊಸೆ ತುದಿ ಹುಡುಕುತ್ತಾಳೆ, ಖುರ್ಷಿದಾ ಚರಕ ತಿರುಗಿಸುತ್ತಾಳೆ.
ಅದಕ್ಕೆ ಕೂಲಿ ಕಡಿಮೆ.

ಲೇಖನ ಹೋಯಿತು, ತಿದ್ದುಪಡಿ ಕೇಳಿ ವಾಪಸು ಬಂತು.
ಪರಿಶೀಲಕರ ಮಾತು ಒಂದೇ ಸಾಲು:
‘ರೋಗಿಗೆ ನೂಲಿನ ತುದಿ ತಿಳಿಯುತ್ತಿಲ್ಲ’
ಎಂಬ ವಾಕ್ಯ ಅಪ್ರಸ್ತುತ, ಕೈಬಿಡಿ.
‘ತೆಗೀಲಾ, ಮೇಡಂ?’
ತನುಜಾಳ ಅವಧಿಗೆ ಉಳಿದದ್ದು ಹನ್ನೊಂದು ದಿನ,
ಈ ಲೇಖನದ ಮೇಲೆ ಅವಳ ಮುಂದಿನ ಅನ್ನ.

ಹೇಳಬಹುದಿತ್ತು. ಹೇಳಲಿಲ್ಲ.
ಹೊರಗೆ ಗೂಡಿನ ಚೀಲ ಹೇರಿದ ಟೆಂಪೊ ಒಂದು
ಹಾರನ್ ಹೊಡೆದು ಹೋಯಿತು.
ಅವಳು ಪರದೆ ನೋಡುತ್ತ ಕೂತಿದ್ದಳು,
ಬಲಗೈಯ ಹೆಬ್ಬೆರಳು
ತೋರುಬೆರಳ ತುದಿಯನ್ನು ಮೆಲ್ಲಗೆ ಉಜ್ಜುತ್ತಿತ್ತು,
ಅಲ್ಲಿ ಏನೋ ಇರುವಂತೆ.