ಬಾಕಿ

ಹೆಸಲ್ ರಸ್ತೆಯ ಬಸ್ಸು, ಮೇಲಂತಸ್ತು, ಮುಂದಿನ ಸೀಟು.
ಔಷಧಿ ಅಂಗಡಿಯ ಪಾಳಿ ಮುಗಿಸಿ ಬಂದ ಕೈಗೆ
ಇನ್ನೂ ಸ್ಪಿರಿಟ್ಟಿನ ವಾಸನೆ.
ಇವತ್ತು ಮೊರ ಹಿಡಿದು ಕೂತೇಬಿಡೋಣ ಅನ್ನಿಸಿತು,
ಕಲ್ಲು ಆರಿಸಲು.

ನಾನು ಹಿಂಬಾಲಿಸುತ್ತಿರುವ ಪುಟಗಳು
ಸಾವಿರದ ನೂರ ನಲವತ್ತೇಳು.
ಅಷ್ಟು ಜನರ ಹಿಂದೆ ನಾನು ಯಾವತ್ತು ಹೋದೆ?
ಕಟ್ಟಿಕೊಂಡ ಗಂಡನ ಹಿಂದೆಯೇ ಹೋಗಲಿಲ್ಲ.
ಅವನು ಲೀಡ್ಸಿಗೆ ಹೋದ, ನಾನು ಹಲ್‌ನಲ್ಲಿ ಉಳಿದೆ.

ಮುಚ್ಚಿ ನಾಲ್ಕು ವರ್ಷವಾದ ಬೇಕರಿ.
ನಾನೆಂದೂ ಓಡದ ಓಟಗಾರರ ಸಂಘ.
ಎಂದೋ ಮನೆ ಸೇರಿದರೂ ಇಲ್ಲಿ ಮಾತ್ರ
ಇನ್ನೂ ಕಳೆದೇ ಹೋಗಿರುವ ಒಂದು ಬೆಕ್ಕು.
ರಾಗಿ ಅಂಬಲಿಯ ಪುಟವೊಂದಿತ್ತು,
ದಾವಣಗೆರೆಯ ಯಾರೋ ತಾಯಿ ನಡೆಸುತ್ತಿದ್ದದ್ದು.
ರಾತ್ರೋರಾತ್ರಿ ಹೆಸರು ಬದಲಿಸಿಕೊಂಡು
ಅದೀಗ ಬಿಟ್‌ಕಾಯಿನ್ ಮಾರುತ್ತದೆ.
ಅಂಬಲಿಗೆಂದು ಒತ್ತಿದ ಮೆಚ್ಚುಗೆ
ಅದರ ಖಾತೆಗೇ ಜಮಾ.

ಬಿಡು ಎನ್ನುವ ಗುಂಡಿ ಎಲ್ಲಿ?
ಸೇರು ಎನ್ನುವುದು ಹೆಬ್ಬಾಗಿಲಲ್ಲೇ ನೀಲಿ ಉಟ್ಟು ನಿಂತಿರುತ್ತದೆ.
ಬಿಡು ಎನ್ನುವುದು ಮೂರು ಚುಕ್ಕೆಯ ಹಿಂದೆ,
ಇನ್ನೊಂದು ಪಟ್ಟಿಯ ಅಡಿಗೆ,
ಅತ್ತೆ ಅಡಗಿಸಿಟ್ಟ ಬೆಲ್ಲದ ಹಾಗೆ.
ಒತ್ತಿದರೆ ಕೇಳುತ್ತದೆ: ಖಂಡಿತವೇ?
ಖಂಡಿತ ಅಂದರೆ: ಯಾಕೆ?
ಯಪ್ಪಾ, ಸಂಸಾರ ಬಿಟ್ಟಾಗಲೂ
ನನ್ನನ್ನು ಯಾರೂ ಇಷ್ಟು ಕೇಳಿರಲಿಲ್ಲ.

ಇನ್ನು ಮನುಷ್ಯರು.
ಓಬಳೇಶ, ಏಳನೇ ಕ್ಲಾಸಿನಲ್ಲಿ ನನ್ನ ಕಂಪಾಸ್ ಪೆಟ್ಟಿಗೆ ಒಯ್ದವನು,
ಈಗ ದಿನಕ್ಕೆ ಮೂರು ಸಲ ಶುಭೋದಯ.
ತೆಗೆದುಹಾಕಿದರೆ ಅವನ ಅಕ್ಕ ಫೋನು ಮಾಡುತ್ತಾಳೆ.
ಜುಬೇದಾಳಿಗೆ ಎರಡು ಖಾತೆ, ಒಂದರ ಪಾಸ್‌ವರ್ಡ್ ಮರೆತಿದೆ,
ಯಾವುದರದ್ದೆಂದು ಅವಳಿಗೂ ಗೊತ್ತಿಲ್ಲ.
‘ಇವರು ನಿಮಗೆ ಗೊತ್ತಿರಬಹುದು’ ಎಂದು ದಿನಾ ಬೆಳಿಗ್ಗೆ
ಲೀಡ್ಸಿನ ಆ ಹೆಂಗಸನ್ನೇ ತಂದು ನಿಲ್ಲಿಸುತ್ತದೆ.
ಗೊತ್ತಪ್ಪಾ. ಗೊತ್ತು.

ಸಿಟ್ಟಿಗೆ ಹೆಬ್ಬೆರಳು ಓಡಿತು, ತೆಗೆ, ತೆಗೆ, ತೆಗೆ.
ಬಸ್ಸು ಹಳ್ಳಕ್ಕಿಳಿದು ಎದ್ದಾಗ
ಗ್ಲೆನಿಸ್ ಹೋಗಿದ್ದಳು.

ಗ್ಲೆನಿಸ್ ನಿಜಕ್ಕೂ ಹೋದದ್ದು ಫೆಬ್ರವರಿಯಲ್ಲಿ.
ಪಕ್ಕದ ಮನೆ, ಒಂದೇ ಗೋಡೆ.
ಮೊದಲ ಚಳಿಗಾಲ ನನಗೆ ಬಾಯ್ಲರ್ ಹೊತ್ತಿಸಲು ಕಲಿಸಿದವಳು.
ಚೆನ್ನವ್ವ ಎನ್ನಲು ನಾಲಿಗೆ ತಿರುಗದೆ
ಕೊನೆಯವರೆಗೂ ‘ಚಾನಾ’ ಎಂದವಳು.
ಮೀನು ಮುಟ್ಟದ ನನಗಾಗಿ ಶುಕ್ರವಾರಕ್ಕೊಮ್ಮೆ
ಸೇಜ್ ಸೊಪ್ಪು ಹಾಕಿದ ಆಲೂಗಡ್ಡೆ ಪ್ಯಾಟಿಯನ್ನು
ಬಿಸಿ ಆರದಂತೆ ಕಾಗದ ಸುತ್ತಿ, ಕೋಟಿನೊಳಗೆ ತಂದವಳು.
ಅವಳ ಪುಟದ ಕೊನೆಯ ಚಿತ್ರದಲ್ಲಿ
ನಮ್ಮಿಬ್ಬರ ಕಸದ ಡಬ್ಬಿಗಳು
ಗಾಳಿಗೆ ಬಿದ್ದಿವೆ, ಒಂದರ ಮೇಲೊಂದು.

ಗಾಬರಿಯಲ್ಲಿ ಹುಡುಕಿ ಮತ್ತೆ ಒತ್ತಿದೆ.
ಕೋರಿಕೆ ಕಳಿಸಲಾಗಿದೆ, ಅಂದಿತು.
ಒಪ್ಪಿಗೆಗೆ ಕಾಯಲಾಗುತ್ತಿದೆ.

ಸತ್ತವಳ ಬಾಗಿಲು ಬಡಿದು
ಮೆಟ್ಟಿಲ ಮೇಲೆ ನಿಂತ ಹಾಗಾಯಿತು.
ಬಸ್ಸಿನ ಕಿಟಕಿಯಾಚೆ ಈ ಊರಿನ ಕೆನೆಬಣ್ಣದ ಟೆಲಿಫೋನ್ ಗೂಡು.
ಆಗೆಲ್ಲ ಕಾಸು ಮುಗಿದರೆ ಮಾತು ಮುಗಿಯುತ್ತಿತ್ತು,
ಯಾರೂ ಯಾಕೆ ಅನ್ನುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಹಲ್ಲುಜ್ಜುವಾಗ ಫೋನು ನಡುಗಿತು:
ಗ್ಲೆನಿಸ್ ನಿಮ್ಮ ಕೋರಿಕೆಯನ್ನು ಒಪ್ಪಿದ್ದಾರೆ.

ಬಾಯಲ್ಲಿ ನೊರೆ, ಹಾಗೇ ನಿಂತಿದ್ದೆ.
ಆಮೇಲೆ ಗೋಡೆಯಾಚೆ ರೆಗ್ ಕೆಮ್ಮಿದ.

ಎಂಬತ್ತಮೂರರ ರೆಗ್. ತನಗೊಂದು ಫೋನು ಬೇಡವೇ ಬೇಡ ಎಂದವನು
ಅವಳದನ್ನು ಇನ್ನೂ ರಾತ್ರಿ ಚಾರ್ಜಿಗೆ ಹಾಕುತ್ತಾನೆ,
ಕನ್ನಡಕ ಏರಿಸಿ ಒಂದೇ ಬೆರಳಲ್ಲಿ,
ಬಂದದ್ದಕ್ಕೆಲ್ಲ ಹೂಂ ಅನ್ನುತ್ತಾನೆ.

ಗೋಡೆ ತಟ್ಟಿದೆ, ಎರಡು ಸಲ.
ಏನೆಂದುಕೊಂಡನೋ.
ತುಸು ಹೊತ್ತು ಬಿಟ್ಟು ಅವನೂ ತಟ್ಟಿದ, ಒಂದು ಸಲ.

ಬಾಯಿ ಮುಕ್ಕಳಿಸಿ ನೋಡಿದರೆ
ಅಂಬಲಿಯವರು ಮತ್ತೆ ಬಂದಿದ್ದಾರೆ,
ಇವತ್ತೇ ಕೊನೆಯ ದಿನವಂತೆ.