ಟವೆಲ್ಲಿನ ಕೆಳಗ

ಶನಿವಾರ, ಅಮೀನಗಡದ ಕುರಿ ಸಂತಿ.
ಬೆಳಕು ಹರಿಯೂದರಾಗ ಬಂದು
ಹಿಂಡಿನ ನಡುವ ಕೈ ಮೊಣಕಾಲೂರಿ ನಿಂತಳು
ಧಾರವಾಡದ ಹುಡುಗಿ, ನೀಲಗಂಗಾ.
ಮೈಮ್ಯಾಲೆ ಕರಿ ಕಂಬಳಿ, ಅದರ ಬೆನ್ನಿಗೆ ಕೆಂಪು ಗುರ್ತು,
ಕೊಳ್ಳಾಗ ಹಗ್ಗ. ಮಾತಿಲ್ಲ.

'ಇದು ಕಲಾ ಐತಿ ಕಾಕಾ' ಅಂದ, ಫೋಟೋ ಹೊಡಿಯೋ ಹುಡುಗ.
ಇರಲಿ ಅಂದೆ. ಕಲಾ ನೋಡಿ ಬಿಸಲು ತಗ್ಗೂದಿಲ್ಲ.

ಹತ್ತಕ್ಕ ನಕ್ಕರು, ಹನ್ನೊಂದಕ್ಕ ಮರತರು.
ಇಳಕಲ್ಲಿನಿಂದ ಬಂದ ಖರೀದಿದಾರ ಒಬ್ಬ
ರೂಢಿ ಮ್ಯಾಲೆ ಬೆನ್ನೆಲುಬಿಗೆ ಹೆಬ್ಬಟ್ಟು ಒತ್ತಿ ಕೊಬ್ಬು ನೋಡಿದ,
ಕಾದ ಹಂಚು ಮುಟ್ಟಿದಾಂಗ ಕೈ ಕಿತ್ತುಕೊಂಡ.
ಬಹಳ ಹೊತ್ತು ಆ ಕೈ ಧೋತರಕ್ಕ ಒರಸ್ತಿದ್ದ.

ತಾಯಿ ಮಾರಿಹೋದ ಮರಿ ಒಂದು
ಕಂಬಳಿ ಮೂಸಿತು. ತನ್ನವರ ವಾಸನಿ.
ಒಳಗ ತಲಿ ತುರುಕಿ ಹಾಲು ಹುಡುಕಿತು.
ಹುಡುಗಿ ನಡುಗಿದಳು. ಅದು ಆಟದಾಗ ಇತ್ತೋ ಇಲ್ಲೋ
ನನಗ ಗೊತ್ತಿಲ್ಲ.

ನಾ ದಲಾಲಿ, ಹುಸೇನಸಾಬ.
ಮೂವತ್ತೊಂದು ವರ್ಷ ಟವೆಲ್ಲಿನ ಕೆಳಗ ಬೆರಳು ಹಿಡದು
ಜೀವಕ್ಕ ಬೆಲಿ ಕಟ್ಟಿದವ.
ಯಾಕೋ ಹೋಗಿ ಆಕಿ ಮುಂದ ಕುಂತೆ,
ಟವೆಲ್ ಮುಚ್ಚಿ ಕೈ ಚಾಚಿದೆ.
ಆಕಿ ಕೈ ಒಳಗ ಬಂತು.
ಎರಡು ಬೆರಳಲ್ಲ, ಐದಲ್ಲ,
ಯಾವ ಅಂಕಿನೂ ಅಲ್ಲ,
ಬರೇ ಬೆವತ ಕೈ.

ಸಂಜಿಗೆ ಲಾರಿ ತುಂಬಿತು. ಮರಿನೂ ಏರಿತು.
ಆಕಿ ಎದ್ದಳು. ಮೊಣಕಾಲು ತರಚಿದ್ದವು.
ಚಹಾ ಕುಡದು ನನ್ನ ಕಪ್ಪಿನ ರೊಕ್ಕಾನೂ ಕೊಟ್ಟಳು.
'ಆ ಮರಿ ಎಷ್ಟಕ್ಕ ಹೋತು?' ಅಂದಳು.

ಬಾಯಿಲೆ ಹೇಳಾಕ ಆಗಲಿಲ್ಲ.
ಟವೆಲ್ ಹುಡುಕಿದೆ.